ರೋಮಿನ ಕಾನ್ಸುಲ್, ಪ್ರೇಟರ್, ಸೆನ್ಸರ್: ಊರೊಳಗಿನ ಅವರ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೋಮಿನ ಮಾತು ಬಂದಾಗೆಲ್ಲ, ಯುದ್ಧದ ಕಥೆಗಳು ಮುಗಿದ ಮೇಲೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: ಯುದ್ಧ ಇಲ್ಲದಾಗ ಇವರೆಲ್ಲ ಏನ್ ಮಾಡ್ತಿದ್ರು? ಹಾಗೆ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಹೆಚ್ಚಿನ ಉತ್ತರಗಳು ಗಣರಾಜ್ಯದ ಕಾಲಕ್ಕೆ ಸೇರಿದವು. ಅಂದರೆ, ರಾಜರನ್ನು ಓಡಿಸಿದೆವು ಎಂದು ರೋಮನ್ನರೇ ಹೇಳಿಕೊಳ್ಳುವ ಕ್ರಿ.ಪೂ. 509ರಿಂದ ಮೊದಲ ಚಕ್ರವರ್ತಿ ಅಗಸ್ಟಸ್ ಬರುವವರೆಗೆ.

## ಮೊದಲು ತಿಳಿಯಬೇಕಾದ್ದು

ಮ್ಯಾಜಿಸ್ಟ್ರೇಟ್ ಅಂದ್ರೆ ಕೋರ್ಟಿನವರು ಅಲ್ವಾ? ಕಾನ್ಸುಲ್‌ಗೂ ಅದೇ ಹೆಸರು ಯಾಕೆ?

ನಮ್ಮಲ್ಲಿ ಆ ಪದ ಕೋರ್ಟಿಗೆ ಅಂಟಿಕೊಂಡಿದೆ. ರೋಮನ್ನರಿಗೆ ಹಾಗಿರಲಿಲ್ಲ. ಜನರು ಓಟು ಹಾಕಿ ಆರಿಸಿದ, ಸರ್ಕಾರದ ಕೆಲಸ ಹೊತ್ತ ಯಾರೇ ಆದರೂ ಅವರಿಗೆ ಮ್ಯಾಜಿಸ್ಟ್ರೇಟ್. ಖಜಾನೆ ಲೆಕ್ಕ ನೋಡುವವನೂ ಅದೇ, ಸೈನ್ಯ ನಡೆಸುವವನೂ ಅದೇ. ಮಂತ್ರಿ ಬೇರೆ, ಐಎಎಸ್ ಅಧಿಕಾರಿ ಬೇರೆ, ಜಡ್ಜ್ ಬೇರೆ, ಸೇನಾಪತಿ ಬೇರೆ ಎಂದು ನಾವು ಹಾಕಿಕೊಂಡಿರುವ ಗೆರೆಗಳನ್ನು ಮೊದಲು ಅಳಿಸಿಬಿಡಿ. ಅಲ್ಲಿ ಈ ನಾಲ್ಕೂ ಕೆಲಸ ಒಬ್ಬನ ಹೆಗಲ ಮೇಲೇ ಬೀಳಬಹುದಿತ್ತು.

ದೊಡ್ಡ ಹುದ್ದೆ ಅಂದ್ರೆ ಯಾವ್ಯಾವು? ಸುಮ್ನೆ ಒಂದ್ಸಲ ಹೇಳಿಬಿಡಿ.

ಕಾನ್ಸುಲ್ ಇಬ್ಬರು, ಒಂದು ವರ್ಷಕ್ಕೆ. ಅವರ ಕೆಳಗೆ ಪ್ರೇಟರ್, ಮುಖ್ಯವಾಗಿ ವ್ಯಾಜ್ಯ ನೋಡುವವನು. ಈ ಹುದ್ದೆ ಕ್ರಿ.ಪೂ. 366ರಲ್ಲಿ ಒಬ್ಬನಿಂದ ಶುರುವಾಯಿತು. 242ರ ಸುಮಾರಿಗೆ ಇಬ್ಬರಾದರು, 197ಕ್ಕೆ ಆರು ಜನ, ಸೇನಾಪತಿ ಸುಲ್ಲಾ ಅಧಿಕಾರದಲ್ಲಿದ್ದ 81ರ ಸುಮಾರಿಗೆ ಎಂಟು. ಇದು ಕೂಡ ಒಂದೇ ವರ್ಷದ ಹುದ್ದೆ. ಜನಗಣತಿಯ ಸೆನ್ಸರ್ ಇಬ್ಬರು, ಸುಮಾರು ಐದು ವರ್ಷಕ್ಕೊಮ್ಮೆ ಆರಿಸುತ್ತಿದ್ದರು, ಒಂದೂವರೆ ವರ್ಷ ಇರುತ್ತಿದ್ದರು. ತುರ್ತಿಗೆ ಡಿಕ್ಟೇಟರ್, ಹೆಚ್ಚೆಂದರೆ ಆರು ತಿಂಗಳು. ಖಜಾನೆಯ ಕ್ವೆಸ್ಟರ್, ಸಂತೆ-ಬೀದಿ-ಜಾತ್ರೆಗಳ ಈಡೈಲ್ ಇವರೆಲ್ಲ ಕೆಳಗಿನ ಮೆಟ್ಟಿಲಿನವರು. ಈ ಪುಟದಲ್ಲಿ ಅವರ ಮಾತು ಜಾಸ್ತಿ ಬರುವುದಿಲ್ಲ.

ಕಾನ್ಸುಲ್ ಅಂದ್ರೆ ಸೇನಾಪತಿ ಅಂತ ಸ್ಕೂಲಲ್ಲಿ ಓದಿದ್ವಿ. ಊರಲ್ಲಿ ಅವರಿಗೇನು ಕೆಲಸ?

ಕರೆಯುವ ಕೆಲಸ. ತಮಾಷೆಗೆ ಹೇಳುತ್ತಿಲ್ಲ. ಹಿರಿಯ ರಾಜಕಾರಣಿಗಳ ಸಭೆಯಾದ ಸೆನೆಟ್ ತಾನಾಗಿ ಸೇರುವಂತಿರಲಿಲ್ಲ, ಯಾರಾದರೂ ಕರೆಯಬೇಕಿತ್ತು. ಜನರ ಸಭೆಯೂ ಹಾಗೆಯೇ. ಹೊರದೇಶದ ರಾಯಭಾರಿ ಬಂದರೆ ಅವನನ್ನು ಸೆನೆಟ್ಟಿನ ಒಳಗೆ ಕರೆದುಕೊಂಡು ಹೋಗುವವನು ಕಾನ್ಸುಲ್. ಮುಂದಿನ ವರ್ಷದ ಚುನಾವಣೆ ನಡೆಸುವವನೂ ಅವನೇ. ಸೆನೆಟ್ ಹೇಳಿದ್ದನ್ನು ಜಾರಿಗೆ ತರುವುದು, ಹಬ್ಬದ ದಿನ ಗೊತ್ತು ಮಾಡುವುದು, ಇವೂ ಸೇರಿಕೊಂಡವು.

ಕೇಳಲು ಸಪ್ಪೆ ಎನಿಸುತ್ತದೆ. ಆದರೆ ಯಾವ ವಿಷಯ ಸಭೆಯ ಮುಂದೆ ಬರಬೇಕು, ಯಾವುದು ಬರಬಾರದು ಎನ್ನುವುದು ಒಬ್ಬನ ಕೈಯಲ್ಲಿದ್ದರೆ ಅದೆಂಥ ಬಲ! ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿಗೆ ಅಜೆಂಡಾ ಬರೆಯುವವರನ್ನು ಕೇಳಿ ನೋಡಿ.

ಸಂಬಳ ಎಷ್ಟು ಬರ್ತಿತ್ತು?

ಬಿಡಿಗಾಸೂ ಇಲ್ಲ. ಹುದ್ದೆಗೆ ಅವರು ಇಟ್ಟ ಹೆಸರೇ ‘ಹೊನೋರ್’, ಅಂದರೆ ಗೌರವ. ಹೀಗಾಗಿ ಮನೆಯಲ್ಲಿ ಜಮೀನು, ಹಣ ಇದ್ದವರೇ ಸ್ಪರ್ಧಿಸುತ್ತಿದ್ದರು. ಓಟಿಗಾಗಿ ಸಾಲ ಮಾಡಿ, ಆಮೇಲೆ ಪ್ರಾಂತ್ಯದ ಗವರ್ನರ್ ಆಗಿ ಹೋಗಿ ಅಲ್ಲಿ ಬಾಚಿಕೊಳ್ಳುವುದು ಎಷ್ಟೋ ಜನರ ದಾರಿಯಾಗಿತ್ತು. ಓಟಿಗೆ ಲಂಚ ಕೊಡುವುದರ ವಿರುದ್ಧ ರೋಮನ್ನರು ಕಾನೂನಿನ ಮೇಲೆ ಕಾನೂನು ಮಾಡಿದರು. ಮತ್ತೆ ಮತ್ತೆ ಮಾಡಬೇಕಾಯಿತು ಎಂದರೆ ನಿಮಗೇ ಗೊತ್ತಾಗುತ್ತದೆ.

ಕೋಲಿನ ಕಟ್ಟು ಹಿಡ್ಕೊಂಡು ಮುಂದೆ ಮುಂದೆ ಹೋಗೋರು ಯಾರು?

ಲಿಕ್ಟರ್‌ಗಳು. ಕಾನ್ಸುಲ್‌ಗೆ 12 ಜನ, ಪ್ರೇಟರ್‌ಗೆ ಅದಕ್ಕಿಂತ ಕಡಿಮೆ. ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಿ ಜನರನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಹೆಗಲ ಮೇಲಿನ ಕೋಲಿನ ಕಟ್ಟು ಹೊಡೆಯುವ ಅಧಿಕಾರದ ಗುರುತು. ಅದರಲ್ಲಿ ಸಿಕ್ಕಿಸಿದ ಕೊಡಲಿ ತಲೆ ತೆಗೆಯುವ ಅಧಿಕಾರದ್ದು. ರೋಮ್ ಊರೊಳಗೆ ಆ ಕೊಡಲಿಯನ್ನು ತೆಗೆದಿಡಬೇಕಿತ್ತು. ನನಗೆ ಈ ಪದ್ಧತಿಯಲ್ಲಿ ಬಹಳ ಹಿಡಿಸಿದ್ದು ಇದೇ. ಯಾವ ಕಾನೂನು ಪುಸ್ತಕ ಓದದವನಿಗೂ, ಕಟ್ಟಿನಲ್ಲಿ ಕೊಡಲಿ ಇಲ್ಲ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಲಿಕ್ಟರ್‌ಗಳ ಬಗ್ಗೆ ರೋಮಿನ ಇತಿಹಾಸಕಾರ ಲಿವಿ ಒಂದು ಕಥೆ ಹೇಳುತ್ತಾನೆ. ಕ್ರಿ.ಪೂ. 213ರಲ್ಲಿ ಕಾನ್ಸುಲ್ ಆಗಿದ್ದವನು ಶತ್ರು ಸೇನಾಪತಿ ಹ್ಯಾನಿಬಲ್ಲನನ್ನು ಕಾಡಿದ ಮುದುಕ ಫೇಬಿಯಸ್ ಮ್ಯಾಕ್ಸಿಮಸ್‌ನ ಮಗ. ಅಪ್ಪ ಕುದುರೆಯ ಮೇಲೆ ಬಂದ. ಕಾನ್ಸುಲ್ ಎದುರಿಗೆ ಕುದುರೆಯಿಂದ ಇಳಿಯಬೇಕು ಎನ್ನುವುದು ರೂಢಿ. ಅಪ್ಪ ಇಳಿಯಲಿಲ್ಲ. ಹನ್ನೊಂದು ಲಿಕ್ಟರ್‌ಗಳನ್ನು ದಾಟಿ ಬಂದ, ದೊಡ್ಡವರೆಂಬ ಸಂಕೋಚಕ್ಕೆ ಯಾರೂ ಮಾತಾಡಲಿಲ್ಲ. ಕೊನೆಯವನಿಗೆ ಮಗ ಸನ್ನೆ ಮಾಡಿದ. ಅವನು ಇಳಿಯಿರಿ ಎಂದು ಕೂಗಿದ. ಅಪ್ಪ ಇಳಿದು, ನೀನು ಕಾನ್ಸುಲ್ ಅನ್ನೋದು ನಿನಗೆ ನೆನಪಿದೆಯಾ ಅಂತ ನೋಡಬೇಕಿತ್ತು ಮಗನೇ, ಎಂದನಂತೆ.

## ಕಾನ್ಸುಲರ ವರ್ಷ

ಇಬ್ಬರಿಗೂ ಒಂದೇ ಅಧಿಕಾರ ಅಂದ್ರೆ ದಿನಾ ಜಗಳ ಆಗಲ್ವಾ?

ಆಗಲಿ ಎಂದೇ ಇಬ್ಬರನ್ನು ಇಟ್ಟಿದ್ದು. ರಾಜನ ಅಧಿಕಾರವನ್ನು ಕಿತ್ತುಹಾಕದೆ ಇಬ್ಬರ ಕೈಗೆ ಕೊಟ್ಟು, ಒಬ್ಬ ಎಳೆದರೆ ಇನ್ನೊಬ್ಬ ತಡೆಯುವ ಹಾಗೆ ಮಾಡಿದರು. ಇಬ್ಬರಲ್ಲಿ ಒಬ್ಬ ಬೇಡ ಎಂದರೆ ಕೆಲಸ ನಿಂತಿತು. ದಿನನಿತ್ಯದ ಗೊಂದಲ ತಪ್ಪಿಸಲು ತಿಂಗಳಿಗೊಬ್ಬರಂತೆ ಕೋಲಿನ ಕಟ್ಟು ಕೈ ಬದಲಾಗುತ್ತಿತ್ತು. ಆ ತಿಂಗಳು ಯಾರ ಮುಂದೆ ಕಟ್ಟು ಹೋಗುತ್ತದೋ ಅವರದೇ ಮುಂದಾಳತ್ವ.

ಹೆಚ್ಚಿನ ವರ್ಷಗಳಲ್ಲಿ ಹೇಗೋ ಹೊಂದಿಕೊಂಡು ಹೋದರು. ಪೂರ್ತಿ ಕೆಟ್ಟಿದ್ದು ಕ್ರಿ.ಪೂ. 59ರಲ್ಲಿ. ಆ ವರ್ಷದ ಕಾನ್ಸುಲರು ಜೂಲಿಯಸ್ ಸೀಸರ್ ಮತ್ತು ಬಿಬುಲಸ್. ಸೀಸರನ ಭೂಮಿ ಹಂಚಿಕೆ ಕಾನೂನನ್ನು ತಡೆಯಲು ಹೋದ ಬಿಬುಲಸ್‌ನ ತಲೆ ಮೇಲೆ ಒಂದು ಬುಟ್ಟಿ ಸಗಣಿ ಸುರಿದರು, ಅವನ ಲಿಕ್ಟರ್‌ಗಳ ಕಟ್ಟು ಮುರಿದರು. ಅಲ್ಲಿಂದ ಅವನು ಮನೆ ಸೇರಿದವನು, ಆಕಾಶದಲ್ಲಿ ಶಕುನ ನೋಡುತ್ತಿದ್ದೇನೆ ಎಂದು ಪ್ರಕಟಣೆ ಹೊರಡಿಸುತ್ತಾ ಕೂತ. ಕಾನೂನಿನ ಪ್ರಕಾರ ಅವನು ಹಾಗೆ ಹೇಳಿದ ದಿನ ಸಭೆ ನಡೆಯಬಾರದು. ಸೀಸರ್ ನಡೆಸಿಯೇ ನಡೆಸಿದ. ತುಂಟರು ಪತ್ರಗಳಿಗೆ ವರ್ಷ ಹಾಕುವಾಗ ‘ಸೀಸರ್ ಮತ್ತು ಬಿಬುಲಸ್ ಕಾನ್ಸುಲರಾಗಿದ್ದಾಗ’ ಎನ್ನುವ ಬದಲು ‘ಜೂಲಿಯಸ್ ಮತ್ತು ಸೀಸರ್ ಕಾನ್ಸುಲರಾಗಿದ್ದಾಗ’ ಎಂದು ಬರೆಯತೊಡಗಿದರು.

ಸೆನೆಟ್ ಮೀಟಿಂಗ್ ಹೇಗೆ ನಡೀತಿತ್ತು?

ಕರೆದವನು ವಿಷಯ ಮುಂದಿಡುತ್ತಿದ್ದ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು, ನಿಮ್ಮ ಅಭಿಪ್ರಾಯ ಏನು ಎಂದು ಕೇಳುತ್ತಾ ಹೋಗುತ್ತಿದ್ದ. ಮೊದಲು ಹಿರಿಯರು, ಮಾಜಿ ಕಾನ್ಸುಲರು, ಆಮೇಲೆ ಮಾಜಿ ಪ್ರೇಟರ್‌ಗಳು. ಕೊನೆಯ ಸಾಲಿನವರ ಬಾಯಿಗೆ ಸರದಿ ಬರುವುದೇ ಅಪರೂಪ. ಮತ ಹಾಕುವುದೆಂದರೆ ಎದ್ದು ಆ ಕಡೆಗೋ ಈ ಕಡೆಗೋ ನಡೆದು ಹೋಗಿ ನಿಲ್ಲುವುದು. ಸೂರ್ಯ ಮುಳುಗಿದ ಮೇಲೆ ನಿರ್ಣಯ ಮಾಡುವಂತಿರಲಿಲ್ಲ.

ಈ ಕೊನೆಯ ನಿಯಮ ಸೀಸರನ ವಿರೋಧಿ ಸೆನೆಟರ್ ಕಿರಿಯ ಕ್ಯಾಟೋಗೆ ಒಳ್ಳೆ ಆಯುಧವಾಯಿತು. ಅವನು ಎದ್ದು ನಿಂತು ಕತ್ತಲಾಗುವವರೆಗೂ ಮಾತಾಡುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಡುವವನನ್ನು ನಿಲ್ಲಿಸಲು ದಾರಿಯೇ ಇರಲಿಲ್ಲ. ಸೀಸರ್ ಸಿಟ್ಟಾಗಿ ಅವನನ್ನು ಜೈಲಿಗೆ ಎಳೆದುಕೊಂಡು ಹೋಗಲು ಹೇಳಿದ. ಆಗ ಪೆಟ್ರೇಯಸ್ ಎಂಬ ಸೆನೆಟರ್ ಕೂಡ ಎದ್ದು ಹೊರಟ. ಇನ್ನೂ ಸಭೆ ಮುಗಿದಿಲ್ಲವಲ್ಲ ಎಂದು ಸೀಸರ್ ಗದರಿದರೆ, ನಿನ್ನ ಜೊತೆ ಇಲ್ಲಿರುವುದಕ್ಕಿಂತ ಕ್ಯಾಟೋ ಜೊತೆ ಜೈಲಲ್ಲಿರುವುದೇ ಮೇಲು ಎಂದ. ಸೀಸರ್ ಕ್ಯಾಟೋನನ್ನು ಬಿಡಿಸಬೇಕಾಯಿತು.

ಕಾನೂನು ಕಾನ್ಸುಲರೇ ಮಾಡ್ತಿದ್ರಾ, ಸೆನೆಟ್ ಮಾಡ್ತಿತ್ತಾ?

ಇಬ್ಬರೂ ಅಲ್ಲ, ಜನರು. ಸೆನೆಟ್ ಹೇಳುವುದು ಹೆಸರಿಗೆ ಸಲಹೆ. ಆ ಸಲಹೆಯನ್ನು ಮೀರುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ, ಆ ಮಾತು ಬೇರೆ. ಕಾನ್ಸುಲ್, ಪ್ರೇಟರ್ ಅಥವಾ ಟ್ರಿಬ್ಯೂನ್ (ಸಾಮಾನ್ಯ ಜನರ ಪರವಾಗಿ ಆರಿಸಿ ಬಂದ, ಅಧಿಕಾರಿಗಳನ್ನು ತಡೆಯಬಲ್ಲ ಪ್ರತಿನಿಧಿ) ಜನರ ಮುಂದೆ ನಿಂತು, ಹೀಗೆ ಮಾಡೋಣವೇ ಎಂದು ಕೇಳಬೇಕು. ಜನರು ಹೂಂ ಅಥವಾ ಊಹೂಂ ಎನ್ನಬೇಕು. ಗುಪ್ತ ಮತದಾನ ಬಂದ ಮೇಲೆ ಮೇಣ ಹಚ್ಚಿದ ಪುಟ್ಟ ಹಲಗೆಯ ಮೇಲೆ ಒಂದಕ್ಷರ ಗೀಚುತ್ತಿದ್ದರು: ‘ನೀನು ಕೇಳಿದ ಹಾಗೆ ಆಗಲಿ’ ಎನ್ನುವುದಕ್ಕೊಂದು, ‘ಹಳೆಯದೇ ಇರಲಿ’ ಎನ್ನುವುದಕ್ಕೊಂದು. ಒಂದು ಸಾಲು ಬದಲಾಯಿಸಿ ಎಂದು ಕೇಳಲು ಅವಕಾಶವಿಲ್ಲ. ಜನರಿಗೆ ಸಿಗುತ್ತಿದ್ದುದು ಉತ್ತರ ಮಾತ್ರ, ಪ್ರಶ್ನೆ ಅಧಿಕಾರಿಯದು.

ಹಾಗಂತ ರಾತ್ರೋರಾತ್ರಿ ಮುಗಿಸುವಂತೆಯೂ ಇರಲಿಲ್ಲ. ಕರಡನ್ನು ಪ್ರಕಟಿಸಿ ಮೂರು ಸಂತೆ ದಿನ ಕಾಯಬೇಕಿತ್ತು. ಸಂತೆ ಎಂಟು ದಿನಕ್ಕೊಮ್ಮೆ. ಹಳ್ಳಿಯಿಂದ ಬಂದವರಿಗೂ ಸುದ್ದಿ ತಿಳಿಯಲಿ ಎಂದು. ಸಂಬಂಧವಿಲ್ಲದ ಎರಡು ವಿಷಯ ಒಂದೇ ಕಾನೂನಿಗೆ ಕಟ್ಟಬಾರದು ಎಂಬ ನಿಯಮವೂ ಕ್ರಿ.ಪೂ. 98ರಲ್ಲಿ ಬಂತು. ಅದರ ಹೆಸರು ಕೈಕೀಲಿಯಾ ದಿದಿಯಾ. ಆ ವರ್ಷದ ಇಬ್ಬರು ಕಾನ್ಸುಲರ ಮನೆತನದ ಹೆಸರು ಸೇರಿಸಿ ಇಟ್ಟಿದ್ದು.

ಹೀಗೆ ಹೆಸರು ಅಂಟುವುದರಿಂದ ಒಮ್ಮೊಮ್ಮೆ ಮುಜುಗರವೂ ಆಗುತ್ತಿತ್ತು. ಮದುವೆಯಾಗದವರಿಗೆ, ಮಕ್ಕಳಿಲ್ಲದವರಿಗೆ ಆಸ್ತಿ ಬರುವುದನ್ನು ಕಡಿತ ಮಾಡಿದ ಕ್ರಿ.ಶ. 9ರ ಪಾಪಿಯಾ ಪೊಪ್ಪಾಯಿಯಾ ಕಾನೂನು ತಂದ ಕಾನ್ಸುಲರು ಪಾಪಿಯಸ್ ಮತ್ತು ಪೊಪ್ಪಾಯಸ್. ಇಬ್ಬರಿಗೂ ಮಕ್ಕಳಿರಲಿ, ಹೆಂಡತಿಯೂ ಇರಲಿಲ್ಲ!

ವರ್ಷಕ್ಕೆ ನಂಬರ್ ಬದಲು ಅವರ ಹೆಸರು ಯಾಕೆ ಇಡ್ತಿದ್ರು? ಜನವರಿ 1ಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ‘ಇಂಥವರು, ಇಂಥವರು ಕಾನ್ಸುಲರಾಗಿದ್ದಾಗ’ ಎನ್ನುವುದೇ ಅವರ ಇಸವಿ. ಹೆಂಡದ ಜಾಡಿಯ ಮೇಲೂ ಹಾಗೇ ಬರೆಯುತ್ತಿದ್ದರು. ಮೊದಲು ಕಾನ್ಸುಲರು ಮಾರ್ಚ್ 15ಕ್ಕೆ ಅಧಿಕಾರ ಹಿಡಿಯುತ್ತಿದ್ದರು. ಕ್ರಿ.ಪೂ. 153ರಲ್ಲಿ ಸ್ಪೇನಿನಲ್ಲಿ ದಂಗೆ ಎದ್ದಿತು. ಕಾನ್ಸುಲ್ ಬೇಗ ಹೊರಡಲಿ ಎಂದು ಅಧಿಕಾರದ ದಿನವನ್ನು ಜನವರಿ 1ಕ್ಕೆ ತಂದರು. ದಂಗೆ ಮುಗಿಯಿತು, ದಿನ ಹಾಗೇ ಉಳಿಯಿತು. ನಾವು ರಾತ್ರಿ ಹನ್ನೆರಡಕ್ಕೆ ಕೇಕ್ ಕತ್ತರಿಸುವ ದಿನದ ಹಿಂದೆ ಆ ಸ್ಪೇನ್ ಗಲಾಟೆಯ ಪಾಲೂ ಇದೆ.

ಒಂದೇ ದಿನ ಕಾನ್ಸುಲ್ ಆಗಿದ್ದವನು ಇದ್ನಂತೆ, ಹೌದಾ?

ಹೌದು, ಕನಿನಿಯಸ್ ರೆಬಿಲಸ್. ಕ್ರಿ.ಪೂ. 45ರ ಡಿಸೆಂಬರ್ 31ರ ಬೆಳಗ್ಗೆ ಬೇರೆ ಹುದ್ದೆಯ ಚುನಾವಣೆಗೆ ಜನ ಸೇರಿದ್ದರು. ಕಾನ್ಸುಲ್ ಫೇಬಿಯಸ್‌ಗೆ ಕುರ್ಚಿ ಹಾಕಿದ್ದರು. ಅಷ್ಟರಲ್ಲಿ ಅವನು ಸತ್ತ ಸುದ್ದಿ ಬಂತು. ಕುರ್ಚಿ ತೆಗೆದರು. ಆಗ ಡಿಕ್ಟೇಟರ್ ಆಗಿದ್ದ ಸೀಸರ್ ಅದೇ ಜನರಿಂದ ಓಟು ಹಾಕಿಸಿ, ಮಧ್ಯಾಹ್ನದ ಹೊತ್ತಿಗೆ ರೆಬಿಲಸ್‌ನನ್ನು ಕಾನ್ಸುಲ್ ಮಾಡಿದ. ಅವಧಿ ಮರುದಿನ ಬೆಳಗಿನವರೆಗೆ.

ಆ ಕಾಲದ ಹೆಸರಾಂತ ಮಾತುಗಾರ, ರಾಜಕಾರಣಿ ಸಿಸೆರೋ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ಚೆನ್ನಾಗಿ ಕುಟುಕಿದ್ದಾನೆ. ರೆಬಿಲಸ್‌ನ ಆಡಳಿತದಲ್ಲಿ ಯಾರೂ ಮಧ್ಯಾಹ್ನದ ಊಟ ಮಾಡಲಿಲ್ಲ, ಯಾವ ಅಪರಾಧವೂ ನಡೆಯಲಿಲ್ಲ, ಎಂಥ ಎಚ್ಚರದ ಕಾನ್ಸುಲ್ ಅಂದರೆ ಇಡೀ ಅವಧಿಯಲ್ಲಿ ಕಣ್ಣು ಮುಚ್ಚಲಿಲ್ಲ! ನಗು ಬರುತ್ತದೆ ಅಲ್ವಾ, ನೀನು ಇಲ್ಲಿದ್ದಿದ್ದರೆ ಅಳುತ್ತಿದ್ದೆ, ಎಂದೂ ಸೇರಿಸುತ್ತಾನೆ.

ಶಕುನ, ಪೂಜೆ ಎಲ್ಲ ಪೂಜಾರಿಗಳು ನೋಡ್ಕೊಳ್ತಿರ್ಲಿಲ್ವಾ?

ಪೂಜಾರಿಗಳು ಸಲಹೆ ಕೊಡುತ್ತಿದ್ದರು, ಮಾಡುವವನು ಅಧಿಕಾರಿ. ಸಭೆಗೆ ಮೊದಲು ಹಕ್ಕಿ ಶಕುನ ನೋಡುವುದು ಕಾನ್ಸುಲನ ಕೆಲಸ. ಅಧಿಕಾರ ಹಿಡಿದ ದಿನ ಕ್ಯಾಪಿಟಲ್ ಗುಡ್ಡ ಹತ್ತಿ ಜುಪಿಟರ್‌ಗೆ ಬಲಿ ಕೊಟ್ಟು, ಅಲ್ಲೇ ಮೊದಲ ಸೆನೆಟ್ ಸಭೆ ನಡೆಸುತ್ತಿದ್ದ.

ಇದಲ್ಲದೆ ದೇಶದ ನಾನಾ ಕಡೆಯಿಂದ ಬಂದ ಅಪಶಕುನದ ವರದಿಗಳನ್ನು ಸೆನೆಟ್ ಮುಂದಿಟ್ಟು ಪರಿಹಾರ ಮಾಡಿಸಬೇಕಿತ್ತು. ಕಲ್ಲಿನ ಮಳೆ ಬಂತು, ಗುಡಿಗೆ ಸಿಡಿಲು ಹೊಡೆಯಿತು, ಹೀಗೆ. ಕ್ರಿ.ಪೂ. 192ರಲ್ಲಿ ಕಾನ್ಸುಲ್ ದೊಮಿಟಿಯಸ್‌ನ ಮನೆಯ ಎತ್ತೇ ಬಾಯಿಬಿಟ್ಟು, ರೋಮ್, ಹುಷಾರು, ಎಂದು ಹೇಳಿತೆಂದು ಲಿವಿ ಬರೆದಿದ್ದಾನೆ. ಆ ಎತ್ತನ್ನು ಚೆನ್ನಾಗಿ ಮೇವು ಹಾಕಿ ಜೋಪಾನ ಮಾಡಿ ಎಂದು ಅಪ್ಪಣೆಯಾಯಿತು.

## ಪ್ರೇಟರ್ ಮತ್ತು ವ್ಯಾಜ್ಯ

ಪ್ರೇಟರ್ ಜಡ್ಜ್, ಆದ್ರೆ ತೀರ್ಪು ಕೊಡಲ್ಲ ಅಂತಾರೆ. ತಲೆ ಬುಡ ಅರ್ಥ ಆಗ್ಲಿಲ್ಲ.

ಬಹಳ ಜನ ಎಡವುವ ಜಾಗ ಇದು. ಒಂದು ಸಾಲದ ಜಗಳವನ್ನೇ ಹಿಡಿದು ನೋಡೋಣ.

ಸಾಲ ಕೊಟ್ಟವನು ಮೊದಲು ಸಾಲಗಾರನನ್ನು ತಾನೇ ಫೋರಮ್ಮಿಗೆ, ಅಂದರೆ ಊರ ಚೌಕಕ್ಕೆ ಕರೆತರಬೇಕು. ಸಮನ್ಸ್ ಕೊಡಲು ಪೊಲೀಸರಿಲ್ಲ. ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಹಲಗೆಗಳ ಕಾನೂನಿನಲ್ಲಿ, ಎದುರಾಳಿ ಮುದುಕನೋ ರೋಗಿಯೋ ಆಗಿದ್ದರೆ ಕರೆದವನೇ ಗಾಡಿ ಕೊಡಬೇಕು ಎಂದಿದೆ. ಬೇಡವೆನಿಸಿದರೆ ಮೆತ್ತೆ ಹಾಕಿದ ಗಾಡಿ ಕೊಡಬೇಕಾಗಿಲ್ಲ ಎಂದೂ ಇದೆ!

ಇಬ್ಬರೂ ಪ್ರೇಟರ್ ಮುಂದೆ ನಿಲ್ಲುತ್ತಾರೆ. ಹಣ ಕೊಟ್ಟಿದ್ದು ನಿಜವೋ ಸುಳ್ಳೋ ಎಂದು ಪ್ರೇಟರ್ ವಿಚಾರಿಸುವುದಿಲ್ಲ. ಇದು ಕಾನೂನಿನಲ್ಲಿ ನಿಲ್ಲುವ ವ್ಯಾಜ್ಯವೇ, ನಿಂತರೆ ಕೇಳಬೇಕಾದ ಪ್ರಶ್ನೆ ಯಾವುದು, ಅಷ್ಟನ್ನು ನೋಡುತ್ತಾನೆ. ಆಮೇಲೆ ಇಬ್ಬರಿಗೂ ಒಪ್ಪಿಗೆಯಾದ ಒಬ್ಬ ಸಾಮಾನ್ಯ ನಾಗರಿಕನನ್ನು ತೀರ್ಪುಗಾರನಾಗಿ ನೇಮಿಸಿ, ಒಂದು ಚೀಟಿಯಂಥ ಬರಹ ಕೊಡುತ್ತಾನೆ. ಅದಕ್ಕೆ ಫಾರ್ಮುಲಾ ಎಂದು ಹೆಸರು. ಅದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಟಿಟಿಯಸ್ ತೀರ್ಪುಗಾರನಾಗಲಿ. ನುಮೇರಿಯಸ್ ನೆಗಿಡಿಯಸ್‌ನು ಔಲಸ್ ಅಗೇರಿಯಸ್‌ಗೆ 10,000 ಸೆಸ್ಟರ್ಸ್ ಕೊಡಬೇಕಾದ್ದು ಹೌದೆಂದು ಕಂಡುಬಂದರೆ ತೀರ್ಪುಗಾರನೇ, ಅವನ ಮೇಲೆ ಹಣ ಹೊರಿಸು. ಕಂಡುಬರದಿದ್ದರೆ ಬಿಟ್ಟುಬಿಡು.’

ಸಾಕ್ಷಿ, ವಾದ, ತೀರ್ಪು ಎಲ್ಲ ಆ ಟಿಟಿಯಸ್‌ನ ಪಾಲು. ಪ್ರೇಟರ್ ಆಗಲೇ ಮುಂದಿನ ಕೇಸಿಗೆ ಹೋಗಿರುತ್ತಾನೆ. ಇಲ್ಲೂ ನೋಡಿ, ಅಧಿಕಾರ ಇರುವುದು ಪ್ರಶ್ನೆ ಹಾಕುವುದರಲ್ಲಿ.

ಅಂದಹಾಗೆ ಆ ಇಬ್ಬರು ನಿಜವಾದ ವ್ಯಕ್ತಿಗಳಲ್ಲ. ಅಗೇರಿಯಸ್ ಎಂದರೆ ದಾವೆ ಹೂಡುವವನು, ನೆಗಿಡಿಯಸ್ ಎಂದರೆ ಇಲ್ಲ ಎನ್ನುವವನು. ನಮ್ಮ ಶಾಸ್ತ್ರಗಳಲ್ಲಿ ಉದಾಹರಣೆಗೆ ದೇವದತ್ತ, ಯಜ್ಞದತ್ತ ಬರುತ್ತಾರಲ್ಲ, ಹಾಗೆ.

ಯಾವ ದಿನ ಬೇಕಾದ್ರೂ ಹೋಗಿ ಕೇಸ್ ಹಾಕಬಹುದಿತ್ತಾ?

ಇಲ್ಲ. ಪಂಚಾಂಗದಲ್ಲಿ ದಿನದ ಪಕ್ಕ ಒಂದಕ್ಷರ ಬರೆದಿರುತ್ತಿತ್ತು. ‘ಫಾಸ್ಟಸ್’ ದಿನ ಪ್ರೇಟರ್ ಬಾಯಿ ತೆರೆಯಬಹುದು, ‘ನೆಫಾಸ್ಟಸ್’ ದಿನ ಕೊಡುತ್ತೇನೆ, ಹೇಳುತ್ತೇನೆ, ಒಪ್ಪಿಸುತ್ತೇನೆ ಎನ್ನುವ ಮೂರು ಮಾತು ಆಡಬಾರದು. ಆ ಮೂರು ಮಾತಿಲ್ಲದೆ ವ್ಯಾಜ್ಯ ಮುಂದೆ ಹೋಗುವುದಿಲ್ಲ.

ಪ್ರೇಟರ್ ಬಿಳಿ ಹಲಗೆ ಮೇಲೆ ಕಾನೂನು ಬರೀತಿದ್ದ ಅಂತಾರಲ್ಲ, ಅದೇನು?

ಅಧಿಕಾರ ಹಿಡಿದ ಕೂಡಲೇ ಪ್ರೇಟರ್ ಫೋರಮ್ಮಿನಲ್ಲಿ ಸುಣ್ಣ ಬಳಿದಂಥ ಬಿಳಿ ಹಲಗೆಯ ಮೇಲೆ ತನ್ನ ಪ್ರಕಟಣೆ ಹಾಕಿಸುತ್ತಿದ್ದ. ಈ ವರ್ಷ ನಾನು ಇಂಥಿಂಥ ದೂರು ತೆಗೆದುಕೊಳ್ಳುತ್ತೇನೆ, ಮೋಸದಿಂದ ಆದ ಒಪ್ಪಂದಕ್ಕೆ ಹೀಗೆ ಪರಿಹಾರ ಕೊಡುತ್ತೇನೆ, ಎಂದು. ಹೊಸ ಪ್ರೇಟರ್ ಹಳೆಯದನ್ನೇ ಹೆಚ್ಚಾಗಿ ಇಟ್ಟುಕೊಂಡು, ಬೇಕಾದಲ್ಲಿ ಒಂದೆರಡು ಸಾಲು ಸೇರಿಸುತ್ತಿದ್ದ. ಹೀಗೆ ಯಾರೂ ಕಾನೂನು ಬದಲಾಯಿಸಿದೆ ಎಂದು ಹೇಳದೆ, ವರ್ಷ ವರ್ಷ ಕಾನೂನು ಬದಲಾಯಿತು. ಹೊರಊರಿನವರ ವ್ಯಾಜ್ಯ ನೋಡುವ ಎರಡನೇ ಪ್ರೇಟರ್ ಬಂದ ಮೇಲೆ ವ್ಯಾಪಾರದ ಜಗಳಗಳಿಗೂ ಹೊಸ ದಾರಿ ತೆರೆಯಿತು.

ಕೆಲವರು ಹಲಗೆಯಲ್ಲಿ ಒಂದು ಬರೆದು, ಬೇಕಾದವರು ಬಂದಾಗ ಇನ್ನೊಂದು ಮಾಡುತ್ತಿದ್ದರು. ಕ್ರಿ.ಪೂ. 67ರಲ್ಲಿ ಟ್ರಿಬ್ಯೂನ್ ಕೊರ್ನೇಲಿಯಸ್ ತಂದ ಕಾನೂನು, ನೀನು ಬರೆದಿದ್ದಕ್ಕೆ ನೀನೇ ಬದ್ಧ ಎಂದಿತು. ಕೊನೆಗೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಸಾಲ್ವಿಯಸ್ ಜೂಲಿಯಾನಸ್ ಎಂಬ ಪಂಡಿತ ಇದನ್ನೆಲ್ಲ ಜೋಡಿಸಿ ಒಂದೇ ರೂಪ ಕೊಟ್ಟ. ಅಲ್ಲಿಗೆ ಹಲಗೆ ಬೆಳೆಯುವುದು ನಿಂತಿತು.

ಅಧಿಕಾರ ದುರುಪಯೋಗ ಮಾಡಿದ್ರೆ ಯಾರು ಕೇಳ್ತಿದ್ರು?

ಹುದ್ದೆಯಲ್ಲಿ ಇರುವಷ್ಟು ದಿನ ಜೊತೆಯ ಅಧಿಕಾರಿ ಅಥವಾ ಟ್ರಿಬ್ಯೂನ್ ತಡೆಯಬಹುದಿತ್ತು. ಕೇಸ್ ಹಾಕುವುದು ಸಾಮಾನ್ಯವಾಗಿ ಹುದ್ದೆ ಮುಗಿದ ಮೇಲೆ. ವೆರ್ರೆಸ್‌ನ ಕಥೆ ಹೇಳುತ್ತೇನೆ. ಇದು ಅವನ ವಿರುದ್ಧ ವಾದಿಸಿದ ಸಿಸೆರೋ ಹೇಳಿದ್ದು ಎನ್ನುವುದು ನೆನಪಿರಲಿ.

ಕ್ರಿ.ಪೂ. 74ರಲ್ಲಿ ವೆರ್ರೆಸ್ ಊರಿನ ಪ್ರೇಟರ್, ಅಂದರೆ ರೋಮ್ ನಾಗರಿಕರ ವ್ಯಾಜ್ಯ ನೋಡುವವನು. ಕ್ಯಾಸ್ಟರ್ ದೇವಸ್ಥಾನದ ಉಸ್ತುವಾರಿಯ ಗುತ್ತಿಗೆ ಹಿಡಿದವನೊಬ್ಬ ಸತ್ತಿದ್ದ, ಮಗ ಇನ್ನೂ ಚಿಕ್ಕವನು. ಕಟ್ಟಡ ಸರಿಯಾಗಿದೆಯೇ ನೋಡಿ ವಹಿಸಿಕೊಳ್ಳುವ ಕೆಲಸ ವೆರ್ರೆಸ್‌ನದು. ಹೋಗಿ ನೋಡಿದ. ಎಲ್ಲ ಗಟ್ಟಿಮುಟ್ಟಾಗಿದೆ. ಇಲ್ಲಿ ಮಾಡುವುದಕ್ಕೇನೂ ಇಲ್ಲವಲ್ಲ ಎಂದು ಬೇಸರ ಮಾಡಿಕೊಂಡ. ಆಗ ಜೊತೆಗಿದ್ದವನೊಬ್ಬ ಹೇಳಿದ: ತೂಗುಗುಂಡು ಬಿಟ್ಟು ಕಂಬ ನೆಟ್ಟಗಿವೆಯೇ ನೋಡಿ ಅನ್ನಿ. ಜಗತ್ತಿನಲ್ಲಿ ಯಾವ ಕಂಬ ತಾನೇ ಕೂದಲೆಳೆಯಷ್ಟೂ ವಾಲದೆ ನಿಂತಿರುತ್ತದೆ? ಅಷ್ಟೇ ನೆಪ. ಕಂಬ ಸರಿಮಾಡುವ ಕೆಲಸವನ್ನು ತನಗೆ ಬೇಕಾದವನಿಗೆ 5,60,000 ಸೆಸ್ಟರ್ಸ್‌ಗೆ ಗುತ್ತಿಗೆ ಕೊಟ್ಟ. ಹೊರೆ ಆ ಹುಡುಗನ ಆಸ್ತಿಯ ಮೇಲೆ. ಕೆಲವು ಕಂಬಗಳಿಗೆ ಬರೀ ಸುಣ್ಣ ಬಳಿದರು ಎನ್ನುತ್ತಾನೆ ಸಿಸೆರೋ.

ಕ್ರಿ.ಪೂ. 70ರಲ್ಲಿ ವೆರ್ರೆಸ್ ಮೇಲೆ ಕೇಸ್ ನಡೆದಿದ್ದು ಮುಖ್ಯವಾಗಿ ಸಿಸಿಲಿಯಲ್ಲಿ ಗವರ್ನರ್ ಆಗಿ ಮಾಡಿದ ಸುಲಿಗೆಗೆ. ತೀರ್ಪು ಬರುವ ಮೊದಲೇ ಅವನು ಊರು ಬಿಟ್ಟು ಹೋದ.

ಸೀಸರನ್ನು ಕೊಂದ ಬ್ರೂಟಸ್ ಪ್ರೇಟರ್ ಆಗಿದ್ನಾ?

ಆಗಿದ್ದ, ಅದೂ ಊರಿನ ಪ್ರೇಟರ್. ಕ್ಯಾಸಿಯಸ್ ಕೂಡ ಆ ವರ್ಷ ಪ್ರೇಟರ್. ಕ್ರಿ.ಪೂ. 44ರ ಮಾರ್ಚ್ 15ರ ಬೆಳಗ್ಗೆ, ಬಟ್ಟೆಯೊಳಗೆ ಕತ್ತಿ ಇಟ್ಟುಕೊಂಡೇ ಅವರು ಎಂದಿನಂತೆ ಕೂತು ವ್ಯಾಜ್ಯ ಕೇಳಿದರು ಎಂದು ಜೀವನಚರಿತ್ರೆಗಳ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ಬ್ರೂಟಸ್‌ನ ನಿರ್ಧಾರ ಹಿಡಿಸದ ಒಬ್ಬ, ಸೀಸರ್ ಹತ್ತಿರವೇ ಹೋಗುತ್ತೇನೆ ಎಂದು ಕೂಗಾಡಿದ. ಬ್ರೂಟಸ್ ಸುತ್ತ ನೋಡಿ, ಕಾನೂನಿನಂತೆ ನಡೆಯುವುದನ್ನು ಸೀಸರ್ ತಡೆಯುವುದಿಲ್ಲ, ಮುಂದೆಯೂ ತಡೆಯುವುದಿಲ್ಲ, ಎಂದ.

ಊರಿನ ಪ್ರೇಟರ್ ಹತ್ತು ದಿನಕ್ಕಿಂತ ಜಾಸ್ತಿ ರೋಮ್ ಬಿಟ್ಟಿರುವಂತಿಲ್ಲ. ಕೊಲೆಯ ನಂತರ ಬ್ರೂಟಸ್‌ಗೆ ಊರಲ್ಲಿರುವುದೇ ಕಷ್ಟವಾಗಿ, ಸೆನೆಟ್ಟಿನಿಂದ ವಿಶೇಷ ರಿಯಾಯಿತಿ ಕೊಡಿಸಬೇಕಾಯಿತು. ಅಪೊಲೊ ಹಬ್ಬದ ಆಟಗಳನ್ನು ಊರಿನ ಪ್ರೇಟರೇ ನಡೆಸಬೇಕು. ಖರ್ಚು ಬ್ರೂಟಸ್‌ನದು, ಎದುರಿಗೆ ಕೂತು ನಡೆಸಿದವನು ಮಾರ್ಕ್ ಆಂಟನಿಯ ತಮ್ಮ. ಆಟದ ಪ್ರಕಟಣೆಯಲ್ಲಿ ತಿಂಗಳ ಹೆಸರು ಹಳೆಯ ಕ್ವಿಂಟಿಲಿಸ್ ಬದಲು ‘ಜುಲೈ’ ಎಂದು ಬಂತು, ಆ ತಿಂಗಳಿಗೆ ಆಗಷ್ಟೇ ಸೀಸರನ ಹೆಸರಿಟ್ಟಿದ್ದರು. ಬ್ರೂಟಸ್‌ಗೆ ಎಷ್ಟು ಉರಿದಿರಬೇಡ!

## ಸೆನ್ಸರ್

ಸೆನ್ಸರ್ ಅಂದ್ರೆ ಸೆನ್ಸಸ್, ಜನಗಣತಿ ಅಷ್ಟೇ ತಾನೇ?

ಶುರುವಾಗಿದ್ದು ಅದಕ್ಕೇ, ಕ್ರಿ.ಪೂ. 443ರಲ್ಲಿ. ಆದರೆ ಎಣಿಸುವವನ ಕೈಯಲ್ಲಿ ಪಟ್ಟಿ ಇರುತ್ತದೆ, ಪಟ್ಟಿಯಿಂದ ಹೆಸರು ಹೊಡೆಯುವ ಅಧಿಕಾರವೂ ಇರುತ್ತದೆ. ಯಾರು ಸೆನೆಟರ್ ಆಗಿ ಉಳಿಯಬೇಕು, ಯಾರು ಯಾವ ವರ್ಗದಲ್ಲಿ ಓಟು ಹಾಕಬೇಕು ಎನ್ನುವುದೆಲ್ಲ ಅವರ ಕೈಗೆ ಬಂತು. ಸರ್ಕಾರಿ ಗುತ್ತಿಗೆಗಳೂ ಅವರವೇ. ಕ್ರಿ.ಪೂ. 312ರ ಸೆನ್ಸರ್ ಆಪ್ಪಿಯಸ್ ಕ್ಲಾಡಿಯಸ್ ರೋಮಿನಿಂದ ಕಾಪುವಾಕ್ಕೆ ಹಾಕಿಸಿದ ರಸ್ತೆ ಇಂದಿಗೂ ಅವನ ಹೆಸರಲ್ಲೇ ಇದೆ. ಊರಿಗೆ ಮೊದಲ ನೀರಿನ ಕಾಲುವೆ ತಂದವನೂ ಅವನೇ.

ಗಣತಿಯಲ್ಲಿ ಹೆಸರು, ವಯಸ್ಸು, ಆಸ್ತಿ, ಹೆಂಡತಿ-ಮಕ್ಕಳ ವಿವರವನ್ನು ಪ್ರಮಾಣ ಮಾಡಿ ಹೇಳಬೇಕು. ಕೇಳುವ ಮಾತು ಹೀಗೆ: ‘ನಿನ್ನ ಮನಸ್ಸಾಕ್ಷಿಯಾಗಿ ನಿನಗೆ ಹೆಂಡತಿ ಇದ್ದಾಳೆಯೇ?’ ಒಬ್ಬ ಹಾಸ್ಯಗಾರ, ಇದ್ದಾಳೆ, ಆದರೆ ನನ್ನ ಮನಸ್ಸಿಗೆ ಒಪ್ಪಿದವಳಲ್ಲ, ಎಂದ. ಸೆನ್ಸರ್ ನಗಲಿಲ್ಲ. ಅವನನ್ನು ಕೆಳಗಿನ ವರ್ಗಕ್ಕೆ ಇಳಿಸಿ, ತನ್ನ ಮುಂದೆ ಕೊಳಕು ತಮಾಷೆ ಎಂದು ಕಾರಣ ಬರೆದ. ಸರ್ಕಾರಿ ಕಚೇರಿಯಲ್ಲಿ ಜೋಕ್ ಹೇಳಿ ಪೇಚಿಗೆ ಸಿಕ್ಕವರು ಆಗಲೂ ಇದ್ದರು.

ಇಬ್ಬರು ಸೆನ್ಸರ್‌ಗಳೇ ಕಚ್ಚಾಡಿದ್ರೆ?

ಕ್ರಿ.ಪೂ. 204ರಲ್ಲಿ ಕಚ್ಚಾಡಿದರು. ಲಿವಿಯಸ್ ಮತ್ತು ಕ್ಲಾಡಿಯಸ್ ನೀರೋಗೆ ಹಳೆಯ ದ್ವೇಷ. ಸರ್ಕಾರಿ ಕುದುರೆ ಪಡೆದವರ ಪಟ್ಟಿ ಪರಿಶೀಲಿಸುವಾಗ ಇಬ್ಬರ ಹೆಸರೂ ಅದರಲ್ಲಿ ಬಂತು. ಒಬ್ಬರ ಕುದುರೆಯನ್ನು ಇನ್ನೊಬ್ಬರು ಮಾರಿಸಿ, ಆ ಪಟ್ಟಿಯಿಂದ ಹೊರಹಾಕಿದರು! ಲಿವಿಯಸ್‌ಗೆ ಜನರ ಮೇಲೂ ಸಿಟ್ಟು. ಮೊದಲು ತನ್ನನ್ನು ತಪ್ಪಿತಸ್ಥನೆಂದು ಶಿಕ್ಷಿಸಿ, ಆಮೇಲೆ ಅದೇ ಜನ ಕಾನ್ಸುಲ್, ಸೆನ್ಸರ್ ಮಾಡಿದ್ದರು. ಎರಡರಲ್ಲಿ ಒಂದಾದರೂ ತಪ್ಪಲ್ಲವೇ ಎಂದು, ಓಟಿಗಾಗಿ ನಾಗರಿಕರನ್ನು ಹಂಚಿದ್ದ 35 ಬುಡಕಟ್ಟುಗಳಲ್ಲಿ ತನ್ನನ್ನು ಶಿಕ್ಷಿಸದ ಒಂದನ್ನು ಬಿಟ್ಟು 34ನ್ನೂ ಕೆಳದರ್ಜೆಗೆ ಇಳಿಸಿದ. ಉಪ್ಪಿನ ಬೆಲೆ ಏರಿಸಿದ್ದೂ ಅವನೇ ಎಂದು ಜನ ‘ಸಲಿನಾಟರ್’, ಉಪ್ಪಿನವನು, ಎಂದು ಅಡ್ಡಹೆಸರಿಟ್ಟರು.

## ಸ್ವಲ್ಪ ಆಳಕ್ಕೆ ಇಳಿದರೆ

ಇಂಪೀರಿಯಂ ಅಂದ್ರೆ ಏನು? ಸೆನ್ಸರ್‌ಗೆ ಅದು ಇರ್ಲಿಲ್ಲ ಅಂತಾರಲ್ಲ.

ಆಜ್ಞೆ ಮಾಡುವ, ಸೈನ್ಯ ನಡೆಸುವ, ಶಿಕ್ಷಿಸುವ ಅಧಿಕಾರಕ್ಕೆ ಆ ಹೆಸರು. ಕಾನ್ಸುಲ್‌ಗೆ, ಪ್ರೇಟರ್‌ಗೆ, ಡಿಕ್ಟೇಟರ್‌ಗೆ ಇತ್ತು. ಸೆನ್ಸರ್‌ಗೆ ಇರಲಿಲ್ಲ, ಹಾಗಾಗಿ ಲಿಕ್ಟರ್‌ಗಳೂ ಇಲ್ಲ. ಊರಿನ ಸುತ್ತ ಪೊಮೇರಿಯಂ ಎಂಬ ಪವಿತ್ರ ಗಡಿ ಇತ್ತು. ಅದರೊಳಗೆ ಇಂಪೀರಿಯಂನ ಹಲ್ಲು ಕಿತ್ತಿರುತ್ತಿತ್ತು: ನಾಗರಿಕನು ಜನರಿಗೆ ಮೊರೆ ಇಡಬಹುದು, ಟ್ರಿಬ್ಯೂನ್ ಅಡ್ಡ ಬರಬಹುದು.

ಹಾಗಾದ್ರೆ ಸಿಸೆರೋ ಕಾನ್ಸುಲ್ ಆಗಿದ್ದಾಗ ನಾಗರಿಕರನ್ನ ಕೊಲ್ಲಿಸಿದ್ದು ಸರಿನಾ?

ರೋಮನ್ನರೇ ಇದರ ಬಗ್ಗೆ ಒಂದು ಮಾತಿಗೆ ಬರಲಿಲ್ಲ. ಕ್ರಿ.ಪೂ. 63ರಲ್ಲಿ, ಸರ್ಕಾರ ಉರುಳಿಸಲು ಕ್ಯಾಟಿಲಿನ ಎಂಬ ಸೆನೆಟರ್ ಹೂಡಿದ ಪಿತೂರಿ ಬಯಲಾಯಿತು. ಗಣರಾಜ್ಯಕ್ಕೆ ಕೇಡು ಬರದಂತೆ ನೋಡಿಕೊಳ್ಳಿ ಎಂದು ಸೆನೆಟ್ ಕಾನ್ಸುಲರಿಗೆ ಹೇಳಿತ್ತು. ಡಿಸೆಂಬರ್ 5ರಂದು ಸೆನೆಟ್ಟಿನಲ್ಲಿ ಚರ್ಚೆ ಮಾಡಿಸಿ, ಸಿಕ್ಕಿಬಿದ್ದ ಐದು ಜನರನ್ನು ವಿಚಾರಣೆಯಿಲ್ಲದೆ ಜೈಲಿನ ನೆಲಮಾಳಿಗೆಯಲ್ಲಿ ಕತ್ತು ಬಿಗಿಸಿ ಕೊಲ್ಲಿಸಿದ. ಹೊರಗೆ ಬಂದು ಹೇಳಿದ್ದು ಒಂದೇ ಪದ: ‘ಬದುಕಿದ್ದರು.’ ಅಂದರೆ, ಈಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸೆನೆಟ್ಟಿನ ಸಲಹೆ ಕಾನೂನನ್ನು ಮೀರಲಾರದು, ಹಾಗಾಗಿ ತಪ್ಪು. ಸಿಸೆರೋಗೂ ಅಳುಕಿತ್ತು ಎನಿಸುತ್ತದೆ, ಇಲ್ಲದಿದ್ದರೆ ನಿರ್ಧಾರದ ಭಾರವನ್ನು ಸೆನೆಟ್ಟಿನ ಮೇಲೆ ಹೊರಿಸಲು ಅಷ್ಟು ಪಾಡು ಪಡುತ್ತಿರಲಿಲ್ಲ. ಕ್ರಿ.ಪೂ. 58ರಲ್ಲಿ ಟ್ರಿಬ್ಯೂನ್ ಕ್ಲೋಡಿಯಸ್, ನಾಗರಿಕನನ್ನು ವಿಚಾರಣೆಯಿಲ್ಲದೆ ಕೊಂದವನಿಗೆ ಗಡಿಪಾರು ಎಂದು ಕಾನೂನು ತಂದ. ಸಿಸೆರೋ ಊರು ಬಿಟ್ಟ, ಅವನ ಮನೆ ಕೆಡವಿದರು. ಮರುವರ್ಷ ಜನರೇ ಓಟು ಹಾಕಿ ಮರಳಿ ಕರೆಸಿಕೊಂಡರು.

ಕಲಿಗುಲ ಕುದುರೆಯನ್ನು ಕಾನ್ಸುಲ್ ಮಾಡಿದ್ದು ನಿಜಾನಾ?

ಇಲ್ಲ. ಮಾಡಬೇಕೆಂದಿದ್ದನಂತೆ ಎಂದಷ್ಟೇ ಹಳೆಯ ಬರಹಗಾರರು ಹೇಳುವುದು. ಕುದುರೆ ಇನ್ಸಿಟಾಟಸ್‌ಗೆ ಅಮೃತಶಿಲೆಯ ಲಾಯ ಕಟ್ಟಿಸಿದ ಎಂದಿದ್ದಾರೆ, ಕಾನ್ಸುಲ್ ಕುರ್ಚಿ ಕೊಟ್ಟ ಎಂದಿಲ್ಲ.

ಚಕ್ರವರ್ತಿಗಳು ಬಂದ ಮೇಲೆ ಕಾನ್ಸುಲರು ಏನಾದ್ರು?

ಉಳಿದರು. ವರ್ಷಕ್ಕೆ ಹೆಸರು ಕೊಡುವ ಮರ್ಯಾದೆ ಜನವರಿ 1ರ ಜೋಡಿಗೆ, ಕೆಲವು ತಿಂಗಳ ಮೇಲೆ ಅವರು ಇಳಿದು ಬೇರೆ ಜೋಡಿ ಬರುತ್ತಿತ್ತು. ಹಾಗೆ ಒಂದೇ ವರ್ಷದಲ್ಲಿ ಹೆಚ್ಚು ಜನರನ್ನು ಖುಷಿಪಡಿಸಬಹುದಿತ್ತಲ್ಲ. ಸೆನೆಟ್ ಸಭೆ ನಡೆಸುವುದು, ಆಟ ಏರ್ಪಡಿಸುವುದು ನಡೆದೇ ಇತ್ತು, ತೀರ್ಮಾನ ಮಾತ್ರ ಅರಮನೆಯಲ್ಲಿ. ಚಕ್ರವರ್ತಿಯಲ್ಲದ ಕೊನೆಯ ಕಾನ್ಸುಲ್ ಬೆಸಿಲಿಯಸ್, ಕ್ರಿ.ಶ. 541ರಲ್ಲಿ, ಅದೂ ರೋಮಿನಲ್ಲಲ್ಲ, ಕಾನ್ಸ್ಟಾಂಟಿನೋಪಲ್‌ನಲ್ಲಿ.

ಇದಕ್ಕೂ ನಮ್ಮ ಕಡೆಗೂ ಏನಾದ್ರೂ ನಂಟಿದೆಯಾ?

ನಾಣ್ಯದ ನಂಟಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಅಗಸ್ಟಸ್‌ನ ಒಂದು ಬಗೆಯ ದಿನಾರಿಯಸ್ ಪದೇ ಪದೇ ಸಿಗುತ್ತದೆ. ಒಂದು ಕಡೆ ಅವನ ಮುಖ. ತಿರುಗಿಸಿದರೆ ಟೋಗಾ ಉಟ್ಟ ಇಬ್ಬರು ಹುಡುಗರು, ನಡುವೆ ಗುರಾಣಿ, ಈಟಿ. ಅವನು ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಗೈಯಸ್ ಮತ್ತು ಲೂಸಿಯಸ್. ಅಂಚಿನ ಬರಹದಲ್ಲಿ ಸಿ, ಒ, ಎಸ್ ಎಂಬ ಮೂರಕ್ಷರ ಹುಡುಕಿ. ಅದು ಕಾನ್ಸುಲ್ ಎನ್ನುವುದರ ಮೊಟಕು. ಪಕ್ಕದ ಪದ ಸೇರಿಸಿ ಓದಿದರೆ ‘ಕಾನ್ಸುಲ್ ಆಗಲು ಆಯ್ಕೆಯಾದವರು’ ಎಂದಾಗುತ್ತದೆ. ಆಯ್ಕೆಯಾದಾಗ ಇಬ್ಬರೂ ಹದಿಹರೆಯದವರು. ಗೈಯಸ್ ಕ್ರಿ.ಶ. 1ರಲ್ಲಿ ಕಾನ್ಸುಲ್ ಆದ. ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಕೊಂಡ, ಆ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ.